ಮೂರು ಬುಟ್ಟಿಗೆ ಒಂದು

ಕಾಗದದ ಮೇಲೆ ನಾನು ಮಾಡಿದ ಲೆಕ್ಕ ಇವತ್ತಿಗೂ ತಪ್ಪಿಲ್ಲ. ಒಳ್ಳೆಯ ಇದ್ದಿಲು ಒಂದು ಕಿಲೋ ಸುಟ್ಟರೆ ಹೆಚ್ಚುಕಡಿಮೆ 7000 ಕಿಲೋಕ್ಯಾಲೊರಿ ಶಾಖ ಕೊಡುತ್ತದೆ. ಕಲ್ಲಿದ್ದಲಿನಿಂದ ಮಾಡಿದ, ನಮಗೆ ಸಿಗುತ್ತಿದ್ದ ಕೋಕ್‌ನಲ್ಲಿ ಕಾಲುಭಾಗ ಬೂದಿಯೇ. ಅದರ ಶಾಖ 6000ದ ಆಸುಪಾಸು. ಇದ್ದಿಲಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಕೋಕ್‌ನಲ್ಲಿ ಬೇಡವೆಂದರೂ ಇರುತ್ತದೆ. ಬೆಲೆಯಂತೂ ಕೇಳುವುದೇ ಬೇಡ. ಎಲ್ಲಿಂದ ಕೂಡಿ ಎಲ್ಲಿಗೆ ಕಳೆದರೂ ಇದ್ದಿಲೇ ಗೆಲ್ಲುತ್ತದೆ. ಇಷ್ಟು ಸರಿಯಾದ ಲೆಕ್ಕವನ್ನು ನಂಬಿಕೊಂಡು ನಾನು ಒಂದೇ ದಿನದಲ್ಲಿ ಕುಲುಮೆ ಕೆಡಿಸಿಕೊಂಡೆ, ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡೆ, ನನ್ನ ಕೈಕೆಳಗಿನವರ ಮುಂದೆ ತಲೆಯೆತ್ತಿ ನಡೆಯದ ಹಾಗಾದೆ.

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯ ಪಕ್ಕದಲ್ಲಿ ಆಗ ನನ್ನದೊಂದು ಸಣ್ಣ ಫೌಂಡ್ರಿ ಇತ್ತು. ಹಳೇ ಬೀಡುಕಬ್ಬಿಣ, ಪಿಗ್ ಕಬ್ಬಿಣ, ಒಂದಿಷ್ಟು ಉಕ್ಕಿನ ಗುಜರಿ ಕರಗಿಸಿ ಪಂಪಿನ ಬಾಡಿ, ಪುಲ್ಲಿ, ಮೆಷಿನ್ನಿನ ಕಾಲು, ಇಂಥವನ್ನು ಎರಕ ಹೊಯ್ಯುತ್ತಿದ್ದೆವು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತ್ತು. ಮಾರಿಕುಪ್ಪಂನಲ್ಲಿ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ವಾಪಸಾಗುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಗಣಿಯ ವರ್ಕ್‌ಶಾಪಿನಲ್ಲಿ ಜೀವಮಾನವೆಲ್ಲ ಎರಕದ ಕೆಲಸ ಮಾಡಿದ ಒಬ್ಬರು ಆ ರೈಲು ಹತ್ತದೆ ನನ್ನ ಹತ್ತಿರ ಬಂದರು. ಅವರನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಮನೆಯಲ್ಲಿ ತಮಿಳು, ನನ್ನ ಹತ್ತಿರ ಕನ್ನಡ, ಬೈಯುವಾಗ ತೆಲುಗು. ನನ್ನ ಅಪ್ಪನ ವಯಸ್ಸಿನವರು. ಆದರೂ ನನ್ನನ್ನು ಸಾರ್ ಎನ್ನುತ್ತಿದ್ದರು. ನಾನು ಡಿಪ್ಲೊಮಾ ಮಾಡಿದ್ದೆ, ಶೆಡ್ಡು ನನ್ನದು. ಆ ‘ಸಾರ್’ ನನ್ನ ತಲೆಗೆ ಸ್ವಲ್ಪ ಏರಿತ್ತು ಎಂದರೆ ಸುಳ್ಳಲ್ಲ.

ನಮ್ಮದು ಕ್ಯುಪೊಲಾ ಕುಲುಮೆ. ಒಳಗೆ ಬೆಂಕಿಯಿಟ್ಟಿಗೆ ಕಟ್ಟಿ ನೆಟ್ಟಗೆ ನಿಲ್ಲಿಸಿದ ದಪ್ಪ ತಗಡಿನ ಕೊಳವೆ. ಕೆಳಗೆ ಕೋಕ್ ಹಾಸಿಗೆ ಹಾಸಿ ಸೌದೆಯಿಂದ ಹೊತ್ತಿಸುತ್ತಾರೆ. ಅದು ಕೆಂಡವಾದ ಮೇಲೆ ಮೇಲಿನ ಬಾಗಿಲಿನಿಂದ ಒಂದು ಪದರ ಕಬ್ಬಿಣ, ಒಂದು ಪದರ ಕೋಕ್, ಜೊತೆಗೆ ಸುಣ್ಣಕಲ್ಲು, ಹೀಗೆ ಪದರದ ಮೇಲೆ ಪದರ ಸುರಿಯುತ್ತಾರೆ. ಬುಡದ ಗಾಳಿಗಂಡಿಗಳಿಂದ ಬ್ಲೋವರ್ ಗಾಳಿ ಊದುತ್ತದೆ. ಕಬ್ಬಿಣ ಕರಗಿ ಕೆಂಡದ ಸಂದಿಯಲ್ಲಿ ಇಳಿದು ತಳದಲ್ಲಿ ನಿಲ್ಲುತ್ತದೆ, ಕಿಟ್ಟ ಅದರ ಮೇಲೆ ತೇಲುತ್ತದೆ. ಕೇಳುವುದಕ್ಕೆ ಸರಳ. ನಾನೂ ಸರಳ ಎಂದೇ ತಿಳಿದಿದ್ದೆ.

2004ರ ಹೊತ್ತಿಗೆ ಕೋಕ್ ಬೆಲೆ ಎದ್ದು ಕೂತಿತು. ಚೀನಾ ಉಕ್ಕು ಮಾಡುವುದಕ್ಕೆ ನಿಂತ ಕಾಲ. ಅಲ್ಲಿಂದ ಬರುವ ಕೋಕ್ ಜಗತ್ತಿಗೆಲ್ಲ ದುಬಾರಿಯಾಯಿತು. ಬಂಗಾರಪೇಟೆಯ ಶೆಡ್ಡಿನಲ್ಲಿ ಕೂತ ನನಗೆ ಅದರ ಬಿಸಿ ತಟ್ಟಿದ್ದು ಲಾರಿಯವನು ಬಿಲ್ಲು ಕೊಟ್ಟಾಗ. ಗಿರಾಕಿಗಳು ಹಳೇ ದರ ಬಿಟ್ಟು ಕದಲಲಿಲ್ಲ. ಅದೇ ಹೊತ್ತಿಗೆ ಸುತ್ತಮುತ್ತ ಇದ್ದಿಲಿಗೆ ಬರವಿರಲಿಲ್ಲ. ಕೋಲಾರ ಜಿಲ್ಲೆಯ ಹೊಲಗಳಲ್ಲಿ ಎಲ್ಲಿ ನೋಡಿದರೂ ನೀಲಗಿರಿ, ಒಣಗಿದ ಕೆರೆಯಂಗಳಗಳಲ್ಲಿ ಬಳ್ಳಾರಿ ಜಾಲಿ. ಜಾಲಿಯ ಕೊಂಬೆ, ನೀಲಗಿರಿಯ ಬೇರು ಒಟ್ಟಿ ಮಣ್ಣು ಮುಚ್ಚಿ ದಿನಗಟ್ಟಲೆ ಹೊಗೆಯಾಡಿಸಿ ಇದ್ದಿಲು ಮಾಡುವವರು ಊರೂರಿಗೆ ಇದ್ದರು. ಇಟ್ಟಿಗೆ ಗೂಡಿನವರಿಗೆ ಕಲ್ಲಿದ್ದಲು ತರುವ ವ್ಯಾಪಾರಿಯೊಬ್ಬರು ನನಗೂ ಒಂದಿಷ್ಟು ಇಳಿಸಿಕೊಡುವುದಾಗಿ ಹೇಳಿದರು.

ಇದರ ಜೊತೆಗೆ ತಲೆಯಲ್ಲಿ ಭದ್ರಾವತಿ ಹೊಕ್ಕಿತ್ತು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದೇ ಇದ್ದಿಲಿನ ಮೇಲೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆ, ವಿಶ್ವೇಶ್ವರಯ್ಯನವರ ಉಸ್ತುವಾರಿ. ಗಂಧಕ ಕಡಿಮೆಯಿದ್ದ ಆ ಬೀಡಿಗೆ ಒಳ್ಳೆಯ ಹೆಸರಿತ್ತು. 1936ರ ಹೊತ್ತಿಗೆ ಅಲ್ಲೇ ಉಕ್ಕೂ ಆಯಿತು. ವಿಶ್ವೇಶ್ವರಯ್ಯನವರ ಊದುಕುಲುಮೆ ಇದ್ದಿಲಿನಲ್ಲಿ ನಡೆದಿದ್ದರೆ ನನ್ನ ಗೇಣುದ್ದದ ಕ್ಯುಪೊಲಾ ನಡೆಯದೇ? ಎರಡು ಪಾಲು ಕೋಕ್, ಒಂದು ಪಾಲು ಇದ್ದಿಲು, ಅದರ ಮೇಲೆ ಸ್ವಲ್ಪ ಕಲ್ಲಿದ್ದಲು. ರಾತ್ರಿ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ ಉಳಿಯುವ ದುಡ್ಡನ್ನು ಬೇರೊಂದು ಹಾಳೆಯಲ್ಲಿ ಬರೆದು, ಅದರಲ್ಲಿ ಸೆಕೆಂಡ್ ಹ್ಯಾಂಡ್ ಟೆಂಪೋ ಒಂದನ್ನು ಮನಸ್ಸಿನಲ್ಲೇ ಕೊಂಡೂ ಆಗಿತ್ತು.

ಬೆಳಿಗ್ಗೆ ಮೇಸ್ತ್ರಿಗೆ ಹೇಳಿದೆ. ಅವರು ಇದ್ದಿಲಿನ ರಾಶಿಯ ಹತ್ತಿರ ಹೋಗಿ ಒಂದು ತುಂಡು ಎತ್ತಿ, ಉಗುರಿನಿಂದ ಕೆರೆದು ನೋಡಿದರು.

“ಇದು ಬೇಡ ಸಾರ್. ಒಳಗೆ ಪುಡಿ ಆಗೋಗುತ್ತೆ.”

“ಭದ್ರಾವತಿಯಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಲ್ಲ ಮೇಸ್ತ್ರಿ?”

“ಭದ್ರಾವತಿ ನಾನು ನೋಡಿಲ್ಲ ಸಾರ್.”

ಅಲ್ಲಿಗೆ ವಾದ ಗೆದ್ದೆ ಅಂದುಕೊಂಡೆ. ಅವರು ಸುಮ್ಮನಿರಲಿಲ್ಲ. ತೂಕದ ಯಂತ್ರದ ಪಕ್ಕದಲ್ಲಿ ನೆಲಕ್ಕೆ ಹಾಸಿದ್ದ ಕಬ್ಬಿಣದ ಹಲಗೆಯ ಮುಂದೆ ನಿಂತರು. ಒಂದು ಕೈಯಲ್ಲಿ ಮುಷ್ಟಿ ಗಾತ್ರದ ಕೋಕ್, ಇನ್ನೊಂದು ಕೈಯಲ್ಲಿ ಅಷ್ಟೇ ಗಾತ್ರದ ಇದ್ದಿಲು. ಎರಡನ್ನೂ ತಲೆಯ ಎತ್ತರಕ್ಕೆ ಎತ್ತಿ ಕೈಬಿಟ್ಟರು. ಕೋಕ್ ಟಣ್ಣೆಂದು ಪುಟಿದು ಪಕ್ಕಕ್ಕೆ ಉರುಳಿತು. ಒಂದು ಮೂಲೆ ಮುರಿದಿತ್ತು, ಅಷ್ಟೆ. ಇದ್ದಿಲು ಆರೇಳು ಚೂರಾಗಿ ಸುತ್ತ ಕಪ್ಪು ಪುಡಿ ಚೆಲ್ಲಿತು. ಮೇಸ್ತ್ರಿ ಕೋಕ್ ಎತ್ತಿಕೊಂಡು ಮತ್ತೆ ಬಿಟ್ಟರು, ಇನ್ನೊಮ್ಮೆ ಬಿಟ್ಟರು. ಆಮೇಲೆ ನನ್ನ ಮುಖ ನೋಡಿದರು. ನಾನು ಹೇಳಿದ್ದಿಷ್ಟು: “ಆ ಪುಡಿ ಗುಡಿಸಿಸಿಬಿಡಿ ಮೇಸ್ತ್ರಿ, ಗಿರಾಕಿ ಬರೋ ಹೊತ್ತು.”

ಅವರು ಗುಡಿಸಿಸಿದರು. ಆದರೆ ತಳದ ಹಾಸಿಗೆಗೆ ಮಾತ್ರ ಕೋಕ್ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ ಎಂದು ಹಟ ಹಿಡಿದರು. ಅಷ್ಟಕ್ಕೆ ಒಪ್ಪಿದೆ. ಆ ಹಟದಿಂದಲೇ ಮೊದಲ ಟ್ಯಾಪ್ ಚೆನ್ನಾಗಿ ಬಂತು. ಹೊಳೆಯುವ ಬಿಳಿ ಹಳದಿ ಲೋಹ ಲ್ಯಾಡಲ್‌ಗೆ ಧಾರಾಕಾರ ಇಳಿಯಿತು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, “ಹೆಂಗೆ ಮೇಸ್ತ್ರಿ?” ಎಂದೆ. ಆಗ ಕರಗುತ್ತಿದ್ದದ್ದು ಅವರ ಕೋಕ್ ಹಾಸಿಗೆಯ ಮೇಲೆ. ನನ್ನ ಮಿಶ್ರಣ ಇನ್ನೂ ದಾರಿಯಲ್ಲೇ ಇತ್ತು ಎಂಬುದು ನನಗೆ ಹೊಳೆಯಲಿಲ್ಲ. ಮೇಸ್ತ್ರಿಗೆ ಗೊತ್ತಿತ್ತು, ಅವರು ಗಾಳಿಗಂಡಿಯ ಗಾಜಿನಲ್ಲಿ ಕಣ್ಣು ನೆಟ್ಟು ನಿಂತಿದ್ದರು.

ಮಿಶ್ರಣ ಕೆಳಗಿಳಿದ ಮೇಲೆ ಒಂದೊಂದಾಗಿ ಶುರುವಾಯಿತು. ಮೊದಲು ಚಿಮಣಿಯಿಂದ ಕಿಡಿ. ಮುರಿದ ಇದ್ದಿಲಿನ ಪುಡಿಯನ್ನು ಬ್ಲೋವರ್ ಮೇಲಕ್ಕೆ ತೂರುತ್ತಿತ್ತು. ಜೊತೆಗೆ ಹಳದಿ ಹೊಗೆ. ಕಲ್ಲಿದ್ದಲಿನ ಜೀವವೆಲ್ಲ ಕೆಳಗಿನ ಬೆಂಕಿ ಮುಟ್ಟುವ ಮೊದಲೇ ಅನಿಲವಾಗಿ ಮೇಲಿಂದ ಹೋಗುತ್ತಿತ್ತು. ಆಮೇಲೆ ಗಾಳಿಯ ಒತ್ತಡ ತೋರಿಸುವ ನಳಿಗೆಯಲ್ಲಿ ನೀರು ಏರಿತು. ಒಳಗೆ ಸಂದಿಗಳು ಮುಚ್ಚಿಕೊಂಡು ಗಾಳಿಗೆ ದಾರಿ ಇಲ್ಲ. ಎರಡನೆಯ ಟ್ಯಾಪ್ ಕೆಂಪಗೆ, ಮಂದವಾಗಿ ಬಂತು. ಮೂರನೆಯದು ರಾಗಿ ಅಂಬಲಿಯ ಹಾಗೆ ಎಳೆದುಕೊಂಡು ಇಳಿದು ಲ್ಯಾಡಲ್ಲಿನ ಗೋಡೆಗೇ ಅಂಟಿ ನಿಂತಿತು. ಅಚ್ಚುಗಳು ಅರ್ಧ ತುಂಬಿ ಗಟ್ಟಿಯಾದವು. ನಾನು ಬ್ಲೋವರ್ ಜೋರು ಮಾಡಿಸಿದೆ. ಇನ್ನಷ್ಟು ಪುಡಿ ಮೇಲೆ ಹಾರಿತು.

ಅಷ್ಟರಲ್ಲಿ ಮೇಲೆ ಬುಟ್ಟಿ ಸುರಿಯುತ್ತಿದ್ದ ಹುಡುಗ ಬಾಗಿಲ ಪಕ್ಕದಲ್ಲೇ ಕುಸಿದು ಕೂತ. ತಲೆ ಸಿಡಿಯುತ್ತಿದೆ ಅಂದ, ವಾಂತಿ ಮಾಡಿಕೊಂಡ. ಇಬ್ಬರು ಏಣಿಯಿಂದ ಇಳಿಸಿ ಹೊರಗೆ ಹುಣಸೆಮರದ ಕೆಳಗೆ ಮಲಗಿಸಿದರು. ಇದ್ದಿಲು ಕೋಕ್‌ಗಿಂತ ಚುರುಕು. ಕೆಳಗೆ ಉರಿದು ಆದ ಇಂಗಾಲದ ಡೈಆಕ್ಸೈಡ್ ಮೇಲೆ ಬರುತ್ತಾ ಇದ್ದಿಲಿಗೆ ತಾಕಿದರೆ ಬೇಗನೆ ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಆ ಕ್ರಿಯೆ ಕುಲುಮೆಯಿಂದಲೇ ಶಾಖ ಹೀರುತ್ತದೆ, ವಿಷದ ಗಾಳಿಯನ್ನು ಮೇಲೆ ಬಿಡುತ್ತದೆ. ಕರಗಿದ ಲೋಹ ತಣ್ಣಗಾದದ್ದಕ್ಕೂ ಹುಡುಗ ಬಿದ್ದದ್ದಕ್ಕೂ ಅದೇ ಕಾರಣ. ಆ ಸಮೀಕರಣ ನನಗೆ ಬಾಯಿಪಾಠ ಬರುತ್ತಿತ್ತು. ಕುಲುಮೆಯೊಳಗೆ ಅದು ನಡೆಯುತ್ತದೆ, ಅದರ ಬಾಯಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ. ಸಂಜೆಯ ಹೊತ್ತಿಗೆ ಅವನು ಚೇತರಿಸಿಕೊಂಡು ಟೀ ಕುಡಿದ. ಅವನ ತಾಯಿ ಬಂದು ನನ್ನನ್ನು ಬೈಯಲಿಲ್ಲ, “ಹುಡುಗ ಬೆಳಿಗ್ಗೆ ಸರಿಯಾಗಿ ತಿಂದಿರಲಿಲ್ಲ ಸಾರ್” ಎಂದರು. ಹೌದೇನೋ ಎನ್ನುವಂತೆ ತಲೆಯಾಡಿಸಿದೆ. ಆ ದಿನ ನಾನು ಮಾಡಿದ ಕೆಲಸಗಳಲ್ಲಿ ಈಗಲೂ ಚುಚ್ಚುವುದು ಆ ತಲೆಯಾಟ.

ಮೇಸ್ತ್ರಿ ನನ್ನ ಅಪ್ಪಣೆಗೆ ಕಾಯಲಿಲ್ಲ. ಗಾಳಿ ನಿಲ್ಲಿಸಿ, ಎಲ್ಲರನ್ನೂ ದೂರ ಕಳಿಸಿ, ತಳದ ಬಾಗಿಲಿನ ಊರುಗೋಲು ಹೊಡೆದು ಬಿಚ್ಚಿಸಿದರು. ಬಾಗಿಲು ತೆರೆಯಿತು, ಒಂದಿಷ್ಟು ಕೆಂಡ ಬಿತ್ತು, ಉಳಿದದ್ದು ಅಲ್ಲೇ ನಿಂತಿತು. ಕೋಕ್, ಕಿಟ್ಟ, ಅರೆ ಕರಗಿದ ಗುಜರಿ ಎಲ್ಲ ಒಂದೇ ಮುದ್ದೆಯಾಗಿ ಗೋಡೆಗೆ ಕಚ್ಚಿಕೊಂಡಿತ್ತು. ಅದನ್ನು ಉಳಿ ಸುತ್ತಿಗೆಯಲ್ಲಿ ಕೆತ್ತಿ, ಗ್ಯಾಸ್ ಕಟರಿನಲ್ಲಿ ಕೊಯ್ದು ತೆಗೆಯುವಷ್ಟರಲ್ಲಿ ಒಳಗಿನ ಬೆಂಕಿಯಿಟ್ಟಿಗೆಯೂ ಕಿತ್ತು ಬಂತು. ಆ ದಿನ ಬಂದಷ್ಟು ಎರಕ ಗಿರಾಕಿಯ ಲೇತಿಗೆ ಹೋಗಿ ಅವರ ಟೂಲು ಮುರಿಯಿತು. ತಣ್ಣಗೆ ಬಂದ ಲೋಹ ಅಂಚಿನಲ್ಲಿ ಬಿಳಿ ಬೀಡಾಗಿ ಕಲ್ಲಿನಂತೆ ಗಡುಸಾಗಿತ್ತು. ಕಲ್ಲಿದ್ದಲಿನ ಗಂಧಕವೂ ತನ್ನ ಕಾಣಿಕೆ ಕೊಟ್ಟಿರಬೇಕು. ಅವರಿಗೆ “ಈ ಸಲ ಗುಜರಿ ಸರಿಯಿರಲಿಲ್ಲ” ಎಂದೆ. ಇದ್ದಿಲಿನವನಿಗೆ “ಹಸಿ ಮಾಲು ಕೊಟ್ಟೆ” ಎಂದು ಕೂಗಾಡಿದೆ. ಮೇಸ್ತ್ರಿ ಎರಡನ್ನೂ ಕೇಳಿಸಿಕೊಂಡು ಉಳಿ ಮಸೆಯುತ್ತಿದ್ದರು.

ಕುಲುಮೆ ತಣ್ಣಗಿದ್ದ ಆ ದಿನಗಳಲ್ಲಿ, ಮಾಡಲು ಬೇರೆ ಕೆಲಸವಿಲ್ಲದೆ, ಡಿಪ್ಲೊಮಾದ ಹಳೇ ನೋಟ್ಸ್ ತೆಗೆದೆ. ಕೋಕ್ ಅಧ್ಯಾಯದಲ್ಲಿ ನನ್ನದೇ ಅಕ್ಷರದಲ್ಲಿ, ಅಡಿಗೆರೆ ಸಮೇತ ‘ಷ್ಯಾಟರ್ ಟೆಸ್ಟ್’. 50 ಪೌಂಡ್ ಕೋಕ್ ತೆಗೆದುಕೊಂಡು ಆರು ಅಡಿ ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ನಾಲ್ಕು ಬಾರಿ ಬೀಳಿಸಬೇಕು, ಆಮೇಲೆ ಎರಡಂಗುಲದ ಜರಡಿಯ ಮೇಲೆ ಎಷ್ಟು ಉಳಿಯಿತೆಂದು ತೂಗಬೇಕು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದು ಪೂರ್ತಿ ಅಂಕ ತೆಗೆದಿದ್ದೆ. ಅದೇ ಪರೀಕ್ಷೆಯನ್ನು ಮೇಸ್ತ್ರಿ ಜರಡಿಯಿಲ್ಲದೆ, ಹೆಸರಿಲ್ಲದೆ, ಅದೇ ಎತ್ತರದಿಂದ, ಅದೇ ಥರದ ಹಲಗೆಯ ಮೇಲೆ ನನ್ನ ಕಣ್ಣೆದುರು ಮಾಡಿ ತೋರಿಸಿದ್ದರು. ನಾನು ಪುಡಿ ಗುಡಿಸಲು ಹೇಳಿದ್ದೆ. ಆ ನೋಟ್ಸನ್ನು ಮುಚ್ಚಿ ಸುಮಾರು ಹೊತ್ತು ಕೂತಿದ್ದೆ. ಗೊತ್ತಿಲ್ಲದೆ ಕೆಟ್ಟವನಿಗೆ ಒಂದು ಸಮಾಧಾನವಾದರೂ ಇರುತ್ತದೆ. ನನಗೆ ಅದೂ ಇರಲಿಲ್ಲ.

ಕ್ಯುಪೊಲಾದಲ್ಲಿ ಕೋಕ್‌ಗೆ ಒಂದು ಕೆಲಸವಲ್ಲ, ಮೂರು. ಉರಿಯಬೇಕು, ಕಬ್ಬಿಣಕ್ಕೆ ಇಂಗಾಲ ಕೊಡಬೇಕು, ಮೇಲಿನ ಭಾರವನ್ನೆಲ್ಲ ಹೊತ್ತು ಗಾಳಿಗೆ ಸಂದು ಬಿಟ್ಟುಕೊಂಡು ನಿಲ್ಲಬೇಕು. ನಾನು ಮೊದಲನೆಯದಕ್ಕೆ ಮಾತ್ರ ಲೆಕ್ಕ ಹಾಕಿದ್ದೆ, ಏಕೆಂದರೆ ಅದಕ್ಕೆ ಮಾತ್ರ ಕ್ಯಾಲೊರಿಯ ಅಂಕಿ ಇತ್ತು. ಹಳೇ ಕಾಲದ ಉಕ್ಕು ಮಾಡುವವರು ಇಂಥ ಗೊಂದಲ ಮಾಡಿಕೊಂಡಿರಲಿಲ್ಲ. ನಮ್ಮ ಕಡೆಯೆಲ್ಲ ಬೆಳೆಯುವ ತಂಗಡಿ ಗಿಡದ ಕಡ್ಡಿಯನ್ನು ಕಬ್ಬಿಣದ ಜೊತೆ ಮೂಸೆಯಲ್ಲಿಟ್ಟು, ಎಲೆ ಹೊದಿಸಿ, ಜೇಡಿ ಮೆತ್ತಿ, ಸುತ್ತ ಇದ್ದಿಲಿನ ಬೆಂಕಿ ಮಾಡುತ್ತಿದ್ದರು. ಉರಿಯುವ ಇಂಗಾಲ ಹೊರಗೆ, ಕಬ್ಬಿಣಕ್ಕೆ ಸೇರುವ ಇಂಗಾಲ ಒಳಗೆ. ಭಾರ ಹೊರುವ ಕೆಲಸ ಎರಡಕ್ಕೂ ಇಲ್ಲ. ಎರಡಕ್ಕೂ ಬೇರೆ ಬೇರೆ ಅಳತೆ.

ಭದ್ರಾವತಿಯನ್ನೂ ನಾನು ಅರ್ಧ ಓದಿಕೊಂಡಿದ್ದೆ. ಅಲ್ಲಿಯದು ಇದ್ದಿಲಿಗೆಂದೇ ಕಟ್ಟಿಸಿದ ಕುಲುಮೆ. ಇದ್ದಿಲು ಎತ್ತರದ ಭಾರ ತಾಳದು; ಅದಕ್ಕೇ ಇದ್ದಿಲಿನ ಊದುಕುಲುಮೆಗಳು ಕೋಕಿನವಕ್ಕಿಂತ ಗಿಡ್ಡ. ಬ್ರೆಜಿಲ್‌ನಲ್ಲಿ ಇವತ್ತಿಗೂ ಅಂಥವು ನಡೆಯುತ್ತಿವೆ, ಅದೂ ನಮ್ಮ ಹೊಲದಲ್ಲಿರುವ ನೀಲಗಿರಿಯ ಜಾತಿಯದೇ ಇದ್ದಿಲಿನಲ್ಲಿ. ಆದರೆ ಕುಲುಮೆ ಸಣ್ಣದು, ನೆಡುತೋಪು ದೊಡ್ಡದು. ಭದ್ರಾವತಿಯಲ್ಲಿ ಸೌದೆಯನ್ನು ಬಟ್ಟಿಯಿಳಿಸಿ ಮರದ ಸ್ಪಿರಿಟ್ಟು, ಟಾರು ತೆಗೆದು, ಉಳಿದದ್ದೇ ಇದ್ದಿಲಾಗುವ ಏರ್ಪಾಟಿತ್ತು. ಸೌದೆ ತರಲು ಟ್ರಾಮ್ ದಾರಿ, ಹಿಂದೆ ಇಡೀ ಮಲೆನಾಡಿನ ಕಾಡು. ಅಷ್ಟಿದ್ದೂ ಕಾಡು ಸಾಲದೆ 1950ರ ದಶಕದಲ್ಲಿ ಅದಿರಿನಿಂದ ಬೀಡು ತೆಗೆಯಲು ಜೋಗದ ವಿದ್ಯುತ್ತಿನ ಕುಲುಮೆಗಳನ್ನು ಕೂರಿಸಿಕೊಂಡರು. ಅವರ ಇಂಧನವನ್ನಷ್ಟೇ ಕಿತ್ತುಕೊಂಡು ಬಂದು ನನ್ನ ಕೊಳವೆಯೊಳಗೆ ಸುರಿದವನು ನಾನು.

ಇಷ್ಟು ದೂರ ಹೋಗುವುದೇ ಬೇಕಿರಲಿಲ್ಲ, ಕೆಜಿಎಫ್‌ನವನಾಗಿ ನನಗೆ ಇದು ಹುಟ್ಟಿನಿಂದ ಗೊತ್ತಿರಬೇಕಿತ್ತು. ಗಣಿಗಳು ಮೊದಲು ಓಡಿದ್ದು ಸೌದೆ ಮತ್ತು ಕಲ್ಲಿದ್ದಲಿನ ಉಗಿ ಯಂತ್ರಗಳ ಮೇಲೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದಾಗ ಹಳೇ ಉಗಿ ಯಂತ್ರಕ್ಕೆ ವಿದ್ಯುತ್ತನ್ನು ‘ಮೂರರಲ್ಲೊಂದು ಪಾಲು’ ಬೆರೆಸಲು ಯಾರೂ ಹೋಗಲಿಲ್ಲ. ಮೋಟರು ಬಂತು, ಯಂತ್ರಗಳು ಬದಲಾದವು, ಅವನ್ನು ನಡೆಸುವವರು ಹೊಸ ಕೆಲಸ ಕಲಿತರು. ಶಾಲೆಯಲ್ಲಿ ಆ ಕಥೆಯನ್ನು ಹೆಮ್ಮೆಯಿಂದ ಹೇಳಿಸಿಕೊಂಡು ಬೆಳೆದ ನಾನು ಅದರಲ್ಲಿ ಹೆಮ್ಮೆಯನ್ನಷ್ಟೇ ಉಳಿಸಿಕೊಂಡಿದ್ದೆ.

ಇದ್ದಿಲನ್ನು ನಾನು ದೂರುತ್ತಿಲ್ಲ. ಉಳಿದ ರಾಶಿಯನ್ನು ಮೇಸ್ತ್ರಿ ನೆಲದೊಳಗಿನ ಸಣ್ಣ ಗುಂಡಿ ಕುಲುಮೆಗೆ ಹಾಕಿ, ಮೂಸೆಯಲ್ಲಿ ಗನ್‌ಮೆಟಲ್ ಬುಷ್ ಎರಕ ಹೊಯ್ದರು. ಚೊಕ್ಕವಾಗಿ ಬಂದವು. ಅಲ್ಲಿ ಇದ್ದಿಲು ಯಾರ ಭಾರವನ್ನೂ ಹೊರಬೇಕಿರಲಿಲ್ಲ, ಮೂಸೆಯ ಸುತ್ತ ಕೂತು ಉರಿದರೆ ಸಾಕಿತ್ತು. ಆಗ ಅವರಿಗೆ ಹೇಳಿದೆ, “ಅವತ್ತು ನೀವು ಬೀಳಿಸಿ ತೋರಿಸಿದಾಗಲೇ ನಾನು ಕೇಳಬೇಕಿತ್ತು ಮೇಸ್ತ್ರಿ.” ಅವರು ಮೂಸೆಯಿಂದ ಕಣ್ಣು ತೆಗೆಯದೆ, “ಇಕ್ಕಳ ಕೊಡಿ ಸಾರ್” ಎಂದರು. ಇಕ್ಕಳ ಕೊಟ್ಟೆ.

ಈಗ ಮತ್ತೆ ಇದ್ದಿಲಿನ ಮಾತು ಎದ್ದಿದೆ. ಉಕ್ಕಿನ ಕಾರ್ಖಾನೆಗಳ ಇಂಗಾಲದ ಹೊಗೆ ತಗ್ಗಿಸಲು ಬಯೋಚಾರ್ ಬಳಸುವ ದಾರಿಯನ್ನು ಕೇಂದ್ರದ ಉಕ್ಕು ಸಚಿವಾಲಯ 2024ರ ವರದಿಯಲ್ಲಿ ವಿವರವಾಗಿ ಚರ್ಚಿಸಿದೆ. ಬಯೋಚಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಇದ್ದಿಲೇ. ಬಲ್ಲವರು ಅದನ್ನು ಪುಡಿ ಮಾಡಿ ಗಾಳಿಯ ಜೊತೆ ಬುಡದಲ್ಲಿ ಊದುತ್ತಾರೆ, ಇಲ್ಲವೇ ಕೋಕ್ ಮಾಡುವ ಮೊದಲೇ ಕಲ್ಲಿದ್ದಲಿಗೆ ಸಣ್ಣ ಪಾಲು ಬೆರೆಸುತ್ತಾರೆ. ಭಾರ ಹೊರುವ ಕೋಕನ್ನು ಅದರ ಜಾಗದಲ್ಲೇ ಬಿಟ್ಟಿರುತ್ತಾರೆ. ಇದನ್ನು ಓದಿದಾಗ, ಪುಡಿಯಾಗುವುದೇ ಇದ್ದಿಲಿನ ಗುಣವಾದರೆ ಪುಡಿ ಮಾಡಿಯೇ ಬಳಸಿದರಾಯಿತು ಎಂಬಷ್ಟು ಸರಳವಾದ ಯೋಚನೆ ನನಗೆ ಆಗ ಬರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಈಚೆಗೆ ಇಂಥದೇ ಪ್ರಯೋಗ ಮಾಡಬೇಕೆಂದಿರುವ ಪರಿಚಯದ ಹುಡುಗನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ನನ್ನ ಸೋಲಿನ ಕಥೆಯನ್ನು, ಈಗ ನಿಮಗೆ ಹೇಳಿದ ಹಾಗೆಯೇ, ಸಾಕಷ್ಟು ಗಾಂಭೀರ್ಯದಿಂದ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, “ಶೇಕಡ ಎಷ್ಟಕ್ಕೆ ಕೈಕೊಟ್ಟಿತು ಸಾರ್?” ಎಂದ. ಲಾಗ್ ಪುಸ್ತಕ ಹುಡುಕಿ ತೆಗೆದೆ. ಅದರಲ್ಲಿ ‘1:3’ ಎಂದಷ್ಟೇ ಬರೆದಿದೆ. ಮೂರರಲ್ಲಿ ಒಂದೋ, ಮೂರಕ್ಕೆ ಒಂದೋ? ಮೇಸ್ತ್ರಿಗೆ ಫೋನ್ ಮಾಡಿದೆ. “ಮೂರು ಬುಟ್ಟಿಗೆ ಒಂದು ಬುಟ್ಟಿ ಸಾರ್” ಎಂದರು. ನನ್ನ ಲೆಕ್ಕವೆಲ್ಲ ಇದ್ದದ್ದು ಕಿಲೋದಲ್ಲಿ. ಕೋಕ್ ತುಂಬಿದ ಬುಟ್ಟಿಯ ಅರ್ಧದಷ್ಟು ತೂಗುತ್ತದೆ ಇದ್ದಿಲಿನ ಬುಟ್ಟಿ. ಅಂದರೆ ಆ ದಿನ ಕುಲುಮೆಗೆ ನಾನು ಅಂದುಕೊಂಡಷ್ಟು ಇಂಧನವೇ ಬಿದ್ದಿರಲಿಲ್ಲ. ಕೆಟ್ಟದ್ದು ಇದ್ದಿಲು ಪುಡಿಯಾಗಿಯೋ, ಇಂಧನ ಸಾಲದೆಯೋ, ಎರಡರಿಂದಲೋ ಎಂದು ಈಗ ಯಾರೂ ಹೇಳಲಾರರು. ಹುಡುಗ ಪೆನ್ನಿನ ಮುಚ್ಚಳ ಹಾಕಿದ. ಹೋಗುವ ಮುನ್ನ ಅವನಿಗೆ ಒಂದು ಮಾತು ಹೇಳಿದೆ: ತಕ್ಕಡಿಯನ್ನು ಮೇಲೆ, ಬುಟ್ಟಿ ಸುರಿಯುವ ಜಾಗದಲ್ಲಿ ಇಡಿಸು; ಮೊದಲ ಬುಟ್ಟಿ ತೂಗುವಾಗ ನೀನೇ ಪಕ್ಕದಲ್ಲಿ ನಿಲ್ಲು. ಅವನು ಅದನ್ನು ಬರೆದುಕೊಂಡ.